ಗಳಿಕೆ ಕಡಿಮೆ ಇದ್ದರೂ ಐಟಿ ರಿಟರ್ನ್ ಹಾಕಬೇಕಾ? ಕಲಬುರಗಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್-ಜುಲೈ ಬಂತೆಂದರೆ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಜನ ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ದಾಲ್ ಮಿಲ್ ಗುಮಾಸ್ತರು, ವಾಡಿ, ಸೇಡಂನ ಗುತ್ತಿಗೆ ಕೆಲಸಗಾರರು, ಪಿಗ್ಮಿ ಏಜೆಂಟರು, ಪಿಂಚಣಿದಾರರು, ರೈತರು, ಎಲ್ಲರೂ ಕೇಳುತ್ತಾರೆ. ಕೆಲವರಿಗೆ ರಿಟರ್ನ್, ಅಂದರೆ ವರ್ಷದ ಆದಾಯ ಮತ್ತು ತೆರಿಗೆಯ ಲೆಕ್ಕ ಇಲಾಖೆಗೆ ಸಲ್ಲಿಸುವುದು, ನಿಜಕ್ಕೂ ಬೇಡ. ಆದರೆ ಬೇಡ ಅಂದುಕೊಂಡು ಸುಮ್ಮನಿರುವ ಎಷ್ಟೋ ಜನರ ದುಡ್ಡು ಟಿಡಿಎಸ್ (ದುಡ್ಡು ಕೊಡುವವರೇ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಆಗಿ ಸರ್ಕಾರದ ಹತ್ತಿರ ಉಳಿದುಬಿಡುತ್ತದೆ. ಕೂಲಿ ಮಾಡಿ ಗಳಿಸಿದ ಆ ದುಡ್ಡು ಅವರಿಗೆ ವಾಪಸ್ ಬರಬೇಕು.

ಬೇರೆ ವರ್ಷ ಎಂದು ಹೇಳದಿದ್ದರೆ, ಇಲ್ಲಿನ ಲೆಕ್ಕ 2025 ಏಪ್ರಿಲ್‌ನಿಂದ 2026 ಮಾರ್ಚ್‌ವರೆಗಿನ ಗಳಿಕೆಯದ್ದು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದೆ, ಆದರೆ ಮೇಲೆ ಹೇಳಿದ ವರ್ಷದ ಗಳಿಕೆಗೆ 1961ರ ಹಳೆಯ ಕಾಯ್ದೆಯೇ ಅನ್ವಯ.

### ಮೊದಲು ಕೇಳುವವು

ಎಷ್ಟು ಗಳಿಸಿದರೆ ರಿಟರ್ನ್ ಹಾಕಲೇಬೇಕು ಹೇಳ್ರಿ?

ತೆರಿಗೆ ಲೆಕ್ಕಕ್ಕೆ ಹೊಸದು, ಹಳೆಯದು ಎಂದು ಎರಡು ಪದ್ಧತಿ ಇವೆ. ಹೊಸ ಪದ್ಧತಿಯಲ್ಲಿ ವರ್ಷಕ್ಕೆ 4 ಲಕ್ಷ ದಾಟಿದರೆ ಹಾಕಬೇಕು. ಹಿಂದಿನ ವರ್ಷ, ಅಂದರೆ 2024-25ಕ್ಕೆ, ಈ ಗಡಿ 3 ಲಕ್ಷ ಇತ್ತು. ನೀವಾಗಿ ಹಳೆಯ ಪದ್ಧತಿ ಆರಿಸಿಕೊಂಡರೆ ಗಡಿ 2.5 ಲಕ್ಷ, 60 ದಾಟಿದವರಿಗೆ 3 ಲಕ್ಷ, 80 ದಾಟಿದವರಿಗೆ 5 ಲಕ್ಷ. ಏನೂ ಆರಿಸದಿದ್ದರೆ ಹೊಸದೇ ಲೆಕ್ಕಕ್ಕೆ ಬರುತ್ತದೆ.

ಸಂಬಳ, ಪಿಂಚಣಿ ಇದ್ದವರಿಗೆ ಹೊಸ ಪದ್ಧತಿಯಲ್ಲಿ ಮೊದಲು 75,000 ರೂಪಾಯಿ ಕಳೆಯುತ್ತಾರೆ. ಹಾಗಾಗಿ ತಿಂಗಳಿಗೆ 35,000 ಸಂಬಳ ಮಾತ್ರ ಇದ್ದವರ ವರ್ಷದ ಗಳಿಕೆ 4.20 ಲಕ್ಷ ಆದರೂ ಲೆಕ್ಕಕ್ಕೆ ಬರುವುದು 3.45 ಲಕ್ಷ, ಅವರು ಗಡಿಯ ಒಳಗೇ ಇದ್ದಾರೆ. ಆದರೆ ಎಲ್‌ಐಸಿ, ಮಕ್ಕಳ ಫೀಸು, ಪಿಪಿಎಫ್ ಇವನ್ನು ಕಳೆದು ಗಡಿಯೊಳಗೆ ಬಂದೆ ಅನ್ನುವ ಹಾಗಿಲ್ಲ. ರಿಟರ್ನ್ ಬೇಕೋ ಬೇಡವೋ ಅಂತ ನೋಡುವುದು ಅವನ್ನು ಕಳೆಯುವ ಮೊದಲಿನ ಮೊತ್ತವನ್ನು.

12 ಲಕ್ಷದವರೆಗೆ ಟ್ಯಾಕ್ಸ್ ಇಲ್ಲ ಅಂತ ಟಿವಿಯಲ್ಲಿ ಹೇಳಿದರಲ್ಲ, ಮತ್ತೆ ನಾನ್ಯಾಕೆ ಹಾಕಲಿ?

ತೆರಿಗೆ ಇಲ್ಲ ಅನ್ನುವುದು ಒಂದು ಮಾತು, ರಿಟರ್ನ್ ಬೇಡ ಅನ್ನುವುದು ಇನ್ನೊಂದು. 12 ಲಕ್ಷದವರೆಗೆ ತೆರಿಗೆ ಸೊನ್ನೆ ಆಗುವುದು ಕಾಯ್ದೆಯ 87ಎ ಸೆಕ್ಷನ್ ಕೊಡುವ ರಿಯಾಯಿತಿಯಿಂದ. ಮೊದಲು ತೆರಿಗೆ ಲೆಕ್ಕ ಹಾಕಿ, ಆಮೇಲೆ 60,000 ರೂಪಾಯಿವರೆಗೆ ಮನ್ನಾ ಮಾಡುತ್ತಾರೆ. ಆ ಮನ್ನಾ ಕೇಳಬೇಕಾದರೆ ರಿಟರ್ನ್‌ನಲ್ಲೇ ಕೇಳಬೇಕು. ತಿಂಗಳಿಗೆ 40,000 ಸಂಬಳ ಇದ್ದವರನ್ನೇ ತಗೊಳ್ಳಿ. ವರ್ಷಕ್ಕೆ 4.80 ಲಕ್ಷ, 75,000 ಕಳೆದರೆ 4.05 ಲಕ್ಷ. ಕಟ್ಟುವ ತೆರಿಗೆ ಸೊನ್ನೆ, ಆದರೂ ರಿಟರ್ನ್ ಕಡ್ಡಾಯ. ನಮ್ಮ ಕಡೆ ಜಾಸ್ತಿ ಜನ ಎಡವುವುದು ಇಲ್ಲೇ.

4 ಲಕ್ಷಕ್ಕಿಂತ ಕಡಿಮೆ ಇದ್ದರೂ ಹಾಕಲೇಬೇಕಾದವರು ಯಾರಾದರೂ ಇದ್ದಾರಾ?

ಇದ್ದಾರೆ. ವರ್ಷದಲ್ಲಿ ನಿಮ್ಮ ಹೆಸರಲ್ಲಿ ಒಟ್ಟು 25,000 ರೂಪಾಯಿ ಅಥವಾ ಜಾಸ್ತಿ ಟಿಡಿಎಸ್, ಟಿಸಿಎಸ್ (ಮಾರುವವರು ನಿಮ್ಮಿಂದ ವಸೂಲು ಮಾಡುವ ತೆರಿಗೆ) ಹಿಡಿದಿದ್ದರೆ (60 ದಾಟಿದವರಿಗೆ 50,000) ಹಾಕಬೇಕು. ಸೇವಿಂಗ್ಸ್ ಖಾತೆಗಳಲ್ಲಿ ಒಟ್ಟು 50 ಲಕ್ಷ ಅಥವಾ ಮೇಲೆ ಜಮಾ ಆಗಿದ್ದರೆ, ಕರೆಂಟ್ ಅಕೌಂಟಿನಲ್ಲಿ 1 ಕೋಟಿ ದಾಟಿದರೆ, ವ್ಯಾಪಾರದ ವಹಿವಾಟು 60 ಲಕ್ಷ ದಾಟಿದರೆ, ವಕೀಲರು, ಡಾಕ್ಟರಂಥ ವೃತ್ತಿಯವರ ಫೀಸು 10 ಲಕ್ಷ ದಾಟಿದರೆ, ವಿದೇಶ ಪ್ರಯಾಣಕ್ಕೆ 2 ಲಕ್ಷಕ್ಕಿಂತ ಜಾಸ್ತಿ ಖರ್ಚು ಮಾಡಿದ್ದರೆ ಕೂಡ ಹಾಕಬೇಕು.

ಕರೆಂಟ್ ಬಿಲ್ ವರ್ಷಕ್ಕೆ 1 ಲಕ್ಷ ದಾಟಿದರೂ ಹಾಕಬೇಕು ಅನ್ನುವುದು ಬಹಳ ಜನಕ್ಕೆ ಗೊತ್ತೇ ಇಲ್ಲ. ಹಿಟ್ಟಿನ ಗಿರಣಿ ಇಟ್ಟವರು, ಮೀಟರ್ ಅವರದೇ ಹೆಸರಲ್ಲಿ ಇದ್ದರೆ, ಇದನ್ನು ಒಮ್ಮೆ ನೋಡಿಕೊಳ್ಳಲಿ.

ಪ್ಯಾನ್ ಕಾರ್ಡ್ ಮಾಡಿಸಿದ ಮೇಲೆ ಪ್ರತಿ ವರ್ಷ ಹಾಕಲೇಬೇಕೇನ್ರೀ?

ಇಲ್ಲ. ಆದರೆ ಪ್ಯಾನ್‌ಗೆ ಆಧಾರ್ ಜೋಡಣೆ ಆಗಿದೆಯೋ ಇಲ್ಲವೋ ನೋಡಿಕೊಳ್ಳಿ. ಆಗದಿದ್ದರೆ ಪ್ಯಾನ್ ನಿಷ್ಕ್ರಿಯ ಆಗುತ್ತದೆ, ಟಿಡಿಎಸ್ ಜಾಸ್ತಿ ಹಿಡಿಯುತ್ತಾರೆ, ರಿಫಂಡ್ ಬರುವುದಿಲ್ಲ. ಈಗ ಜೋಡಿಸಬೇಕಾದರೆ ಸಾಮಾನ್ಯವಾಗಿ 1,000 ರೂಪಾಯಿ ಕಟ್ಟಬೇಕು.

### ಹೊಲ, ಅಂಗಡಿ, ಗಾಡಿ

ನಂದು ಬರೇ ಹೊಲದ ಆದಾಯ ಅದ. ತೊಗರಿ ಮಾರಿದ ದುಡ್ಡು ಖಾತೆಗೆ ಬಂದ್ರ ನೋಟಿಸ್ ಬರತದೇನು?

ಬರೀ ಕೃಷಿ ಆದಾಯ ಇದ್ದರೆ ಅದು ಎಷ್ಟೇ ಇರಲಿ, ಕೇಂದ್ರದ ಆದಾಯ ತೆರಿಗೆ ಇಲ್ಲ. ಆ ಆದಾಯಕ್ಕಾಗಿ ರಿಟರ್ನ್ ಕೂಡ ಬೇಡ, ಮೇಲೆ ಹೇಳಿದ 50 ಲಕ್ಷದ ಜಮಾದಂಥ ಕಾರಣ ಇಲ್ಲದಿದ್ದರೆ. ಹೊಲವನ್ನು ಬೇಸಾಯಕ್ಕೆ ಲಾವಣಿಗೆ ಕೊಟ್ಟು ಬಂದ ದುಡ್ಡೂ ಕೃಷಿ ಆದಾಯವೇ.

ಆದರೆ ಒಂದು ವರ್ಷದಲ್ಲಿ ಸೇವಿಂಗ್ಸ್ ಖಾತೆಗೆ ನಗದು 10 ಲಕ್ಷ ಅಥವಾ ಮೇಲೆ ಕಟ್ಟಿದರೆ ಬ್ಯಾಂಕ್ ಅದನ್ನು ಇಲಾಖೆಗೆ ತಿಳಿಸಲೇಬೇಕು. ಆಗ ಇದು ಎಲ್ಲಿಂದ ಬಂತು ಎಂದು ಕೇಳಬಹುದು. ಕೇಳಿದರೆ ಹೆದರುವಂಥದ್ದೇನಿಲ್ಲ, ಕಾಗದ ಇದ್ದರೆ ಸಾಕು. ಗಂಜ್‌ನಲ್ಲಿ ಮಾರಿದ ಪಟ್ಟಿ, ಎಪಿಎಂಸಿ ರಸೀದಿ, ಖರೀದಿ ಕೇಂದ್ರದ ಚೀಟಿ, ಪಹಣಿ (ಅದರಲ್ಲಿ ಬೆಳೆ ಕಾಲಂ ಸರಿ ಇದೆಯಾ ನೋಡಿಕೊಳ್ಳಿ), ಇವಿಷ್ಟನ್ನು ಒಂದು ಫೈಲಿನಲ್ಲಿ ಕೆಲವು ವರ್ಷ ಇಟ್ಟುಕೊಳ್ಳಿ. ಅಡತಿ ಅಂಗಡಿಯವರು ಬರೀ ಸಣ್ಣ ಚೀಟಿ ಕೊಟ್ಟು ಕಳಿಸಿದರೆ ಒಪ್ಪಬೇಡಿ, ನಿಮ್ಮ ಹೆಸರು, ತೂಕ, ದರ ಇರುವ ಪಟ್ಟಿ ಕೇಳಿ ತಗೊಳ್ಳಿ.

ಹಾಲು ಮಾರಾಟ, ಕೋಳಿ ಫಾರಂ ಕೃಷಿ ಆದಾಯ ಅಲ್ಲ. ತೊಗರಿ ಒಕ್ಕಿ, ಒಣಗಿಸಿ ಮಾರಿದರೆ ಕೃಷಿ. ಮಿಲ್ ಹಾಕಿ ಬೇಳೆ ಮಾಡಿ ಮಾರಿದರೆ ಆ ಮಿಲ್ಲಿನ ಲಾಭ ವ್ಯಾಪಾರದ್ದು.

ಹೊಲಾನೂ ಇದೆ, ನೌಕರಿಯೂ ಇದೆ. ಎರಡೂ ತೋರಿಸಬೇಕಾ?

ರಿಟರ್ನ್ ಹಾಕುವುದಾದರೆ ಎರಡೂ ತೋರಿಸಿ. ಕೃಷಿ ಆದಾಯ 5,000 ರೂಪಾಯಿ ದಾಟಿದರೆ ಸುಲಭದ ರಿಟರ್ನ್ ಫಾರಂ ಐಟಿಆರ್-1 ನಡೆಯುವುದಿಲ್ಲ, ಐಟಿಆರ್-2 ಬೇಕು. ನೌಕರಿಯ ಆದಾಯ ಗಡಿ ದಾಟಿದ್ದರೆ, ಅದಕ್ಕೆ ಯಾವ ದರದಲ್ಲಿ ತೆರಿಗೆ ಎಂದು ನೋಡಲು ಕೃಷಿ ಆದಾಯವನ್ನೂ ಸೇರಿಸುತ್ತಾರೆ. ಹೊಲದ ದುಡ್ಡಿಗೆ ತೆರಿಗೆ ಹಾಕಿದರು ಅಂತಲ್ಲ, ದರ ಸ್ವಲ್ಪ ಮೇಲೆ ಹೋಗುತ್ತದೆ ಅಷ್ಟೇ.

ಫೋನ್‌ಪೇಯಲ್ಲಿ ಬಂದದ್ದೆಲ್ಲ ನನ್ನ ಆದಾಯ ಅಂತಾರಾ? ಕಿರಾಣಿ ಅಂಗಡಿ ಇದೆ.

ಅದು ವಹಿವಾಟು, ಆದಾಯ ಅಲ್ಲ. ಸಣ್ಣ ವ್ಯಾಪಾರಿಗಳಿಗೆ 44ಎಡಿ ಎಂಬ ಸರಳ ದಾರಿ ಇದೆ. ಯುಪಿಐ, ಬ್ಯಾಂಕ್ ಮೂಲಕ ಬಂದ ಮಾರಾಟದ ಮೇಲೆ ಕನಿಷ್ಠ 6%, ನಗದು ಮಾರಾಟದ ಮೇಲೆ ಕನಿಷ್ಠ 8% ಲಾಭ ಎಂದು ತೋರಿಸಿದರೆ ದೊಡ್ಡ ಲೆಕ್ಕಪುಸ್ತಕ ಕೇಳುವುದಿಲ್ಲ. ವರ್ಷಕ್ಕೆ 30 ಲಕ್ಷ, ಎಲ್ಲವೂ ಯುಪಿಐನಲ್ಲೇ ಬಂದಿದ್ದರೆ 6% ಲೆಕ್ಕದಲ್ಲಿ ಆದಾಯ 1.80 ಲಕ್ಷ. ಬೇರೆ ಆದಾಯ ಇಲ್ಲದಿದ್ದರೆ ರಿಟರ್ನ್ ಕಡ್ಡಾಯವೂ ಅಲ್ಲ. ನಿಜವಾದ ಲಾಭ ಇದಕ್ಕಿಂತ ಜಾಸ್ತಿ ಇದ್ದರೆ ಜಾಸ್ತಿಯೇ ತೋರಿಸಬೇಕು.

2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣ ಅಂಗಡಿಗಳಿಗೆ ನೋಟಿಸ್ ಬಂದವಲ್ಲ, ಅವು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯ ಜಿಎಸ್‌ಟಿ ನೋಟಿಸ್‌ಗಳು. ಆದಾಯ ತೆರಿಗೆಗೂ ಅದಕ್ಕೂ ಸಂಬಂಧ ಇಲ್ಲ. ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಅನ್ನುವುದು ಬೇರೆಯದೇ ಲೆಕ್ಕ.

ಒಂದು ಪಿಕಪ್ ಗಾಡಿ ಇದೆ, ಬಾಡಿಗೆಗೆ ಓಡಿಸ್ತೀನಿ. ಸಾಲದ ಕಂಪನಿಯವರು ಐಟಿಆರ್ ತಗೊಂಡು ಬಾ ಅಂತಾರೆ.

ಸರಕು ಗಾಡಿಗೆ 44ಎಇ ಎಂಬ ಇಂಥದೇ ಸರಳ ದಾರಿ ಇದೆ. ಸಣ್ಣ ಗಾಡಿಗೆ ತಿಂಗಳಿಗೆ 7,500 ರೂಪಾಯಿ ಆದಾಯ ಎಂದು ಹಿಡಿಯುತ್ತಾರೆ, ವರ್ಷಕ್ಕೆ 90,000. ಒಟ್ಟು ತೂಕ 12 ಟನ್ ಮೀರಿದ ಲಾರಿಗೆ ಟನ್ನಿಗೆ ತಿಂಗಳಿಗೆ 1,000. ಫಾರಂ ಐಟಿಆರ್-4. ಪ್ರಯಾಣಿಕರ ಆಟೋಕ್ಕೆ ಇದು ಬರುವುದಿಲ್ಲ, ಅವರಿಗೆ 44ಎಡಿ.

ಗಡಿಯೊಳಗಿದ್ದರೂ ಇಂಥವರು ಪ್ರತಿ ವರ್ಷ ಹಾಕುವುದು ಒಳ್ಳೆಯದು ಅಂತ ನಾನು ಹೇಳುತ್ತೇನೆ. ಸಾಲಕ್ಕೆ ಬ್ಯಾಂಕುಗಳು ಎರಡು-ಮೂರು ವರ್ಷದ್ದು ಕೇಳುತ್ತವೆ, ಅದನ್ನು ಒಂದೇ ದಿನ ಹುಟ್ಟಿಸಲು ಆಗಲ್ಲ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ರಸ್ತೆ ಅಪಘಾತದಲ್ಲಿ ದುಡಿಯುವವರು ಹೋದರೆ, ಪರಿಹಾರದ ಮೊತ್ತ ಅವರ ಗಳಿಕೆಯ ಮೇಲೆ ನಿಲ್ಲುತ್ತದೆ. ಅಪಘಾತಕ್ಕೆ ಮುಂಚೆ ಹಾಕಿದ ರಿಟರ್ನ್ ಇದ್ದರೆ ಕೋರ್ಟಿನಲ್ಲಿ ಅದು ಗಟ್ಟಿ ಸಾಕ್ಷಿ. ಇಲ್ಲದಿದ್ದರೆ ಅಂದಾಜಿನ ಕೂಲಿ ಲೆಕ್ಕ ಹಿಡಿಯುತ್ತಾರೆ.

### ಟಿಡಿಎಸ್ ಮತ್ತು ರಿಫಂಡ್

ನನ್ನ ದುಡ್ಡು ಟಿಡಿಎಸ್ ಆಗಿ ಹೋಗಿದೆಯಾ ಅಂತ ಹೇಗೆ ಗೊತ್ತಾಗುತ್ತೆ?

ಆದಾಯ ತೆರಿಗೆ ಇ-ಫೈಲಿಂಗ್ ಪೋರ್ಟಲಿನಲ್ಲಿ ಪ್ಯಾನ್ ಹಾಕಿ ಲಾಗಿನ್ ಆಗಿ, 26ಎಎಸ್ ಮತ್ತು ಎಐಎಸ್ ಎಂಬ ಎರಡು ಪಟ್ಟಿ ತೆಗೆದು ನೋಡಿ. ಯಾರು, ಯಾವಾಗ, ಎಷ್ಟು ಹಿಡಿದರು ಎಂದು ಅಲ್ಲಿರುತ್ತದೆ. ದುಡ್ಡು ಹಿಡಿದಿದ್ದಾರೆ ಆದರೆ ಪಟ್ಟಿಯಲ್ಲಿ ಇಲ್ಲ ಅಂದರೆ, ಹಿಡಿದವರು ಸರ್ಕಾರಕ್ಕೆ ಕಟ್ಟಿಲ್ಲ ಅಥವಾ ನಿಮ್ಮ ಪ್ಯಾನ್ ತಪ್ಪು ಬರೆದಿದ್ದಾರೆ. ಅವರ ಹತ್ತಿರವೇ ಹೋಗಿ ಸರಿ ಮಾಡಿಸಬೇಕು.

ಸಣ್ಣ ಗುತ್ತಿಗೆದಾರರಿಗೆ ಬಿಲ್ಲಿನ ಮೇಲೆ 1% ಹೋಗುತ್ತದೆ. ಪ್ಯಾನ್ ಕೊಡದಿದ್ದರೆ 20%. ಪಂಚಾಯಿತಿ ಕೆಲಸ, ನೀರಿನ ಟ್ಯಾಂಕರ್, ಫ್ಯಾಕ್ಟರಿಗೆ ಆಳು ಒದಗಿಸುವ ಮೇಸ್ತ್ರಿ, ಇವರಲ್ಲಿ ಎಷ್ಟೋ ಜನ ಈ ಪಟ್ಟಿಯನ್ನು ಒಮ್ಮೆಯೂ ನೋಡಿರುವುದಿಲ್ಲ. ದಯವಿಟ್ಟು ನೋಡಿ.

ಅಪ್ಪನ ಎಫ್‌ಡಿ ಬಡ್ಡಿಯಲ್ಲಿ ಬ್ಯಾಂಕಿನವರು 10% ಕಟ್ ಮಾಡಿದ್ದಾರೆ. ಅವರಿಗೆ ಬೇರೆ ಆದಾಯವೇ ಇಲ್ಲ.

ಈ ವರ್ಷಕ್ಕೆ ರಿಟರ್ನ್ ಹಾಕಿ ವಾಪಸ್ ತಗೊಳ್ಳಿ. ಮುಂದಿನ ವರ್ಷ ಏಪ್ರಿಲ್‌ನಲ್ಲೇ ಬ್ಯಾಂಕಿಗೆ ಹೋಗಿ, ಟಿಡಿಎಸ್ ಹಿಡಿಯಬೇಡಿ ಅನ್ನುವ ಘೋಷಣೆಯ ಫಾರಂ ಕೇಳಿ ಬರೆದುಕೊಡಿ. 15ಜಿ, 60 ದಾಟಿದವರಿಗೆ 15ಎಚ್ ಅಂತ ಜನಕ್ಕೆ ಗೊತ್ತಿರುವುದು ಅದೇ. 2025ರ ಏಪ್ರಿಲ್‌ನಿಂದ ಹಿರಿಯರಿಗೆ ಒಂದು ಬ್ಯಾಂಕಿನ ಬಡ್ಡಿ ವರ್ಷಕ್ಕೆ 1 ಲಕ್ಷ ದಾಟದಿದ್ದರೆ ಟಿಡಿಎಸ್ ಇಲ್ಲ, ಉಳಿದವರಿಗೆ 50,000. ತೆರಿಗೆ ಬೀಳುವಷ್ಟು ಆದಾಯ ಇದ್ದವರು ಈ ಫಾರಂ ಕೊಡಬಾರದು, ಅದು ಸುಳ್ಳು ಘೋಷಣೆ ಆಗುತ್ತದೆ.

ರಿಫಂಡ್ ಬಂತು ಅಂತ ಮೆಸೇಜ್ ಬಂತು, ಖಾತೆಗೆ ಬರಲೇ ಇಲ್ಲ.

ಮೊದಲು ಮೆಸೇಜ್ ನಿಜವಾ ನೋಡಿ. ಲಿಂಕ್ ಒತ್ತಿ ಖಾತೆ ನಂಬರ್, ಓಟಿಪಿ ಕೊಡಿ ಅಂದರೆ ಅದು ಮೋಸ. ನೀವೇ ಪೋರ್ಟಲಿಗೆ ಹೋಗಿ ನೋಡಿ. ನಿಜವಾದ ರಿಫಂಡ್ ನಿಂತಿದ್ದರೆ ಬಹಳ ಸಲ ಕಾರಣ ಬ್ಯಾಂಕ್ ವಿವರ. ನಮ್ಮ ಭಾಗದಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಖಾತೆ ಇದ್ದವರು ಬಹಳ. ಅದು 2017ರಲ್ಲಿ ಎಸ್‌ಬಿಐ ಜೊತೆ ಸೇರಿತು, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಜೊತೆ ಸೇರಿತು, ಗ್ರಾಮೀಣ ಬ್ಯಾಂಕುಗಳೂ ಒಂದಾದವು. ಹಳೆಯ ಪಾಸ್‌ಬುಕ್ಕಿನ ಐಎಫ್‌ಎಸ್‌ಸಿ ಹಾಕಿದರೆ ದುಡ್ಡು ಬರಲ್ಲ. ಹೊಸ ಕೋಡ್ ಹಾಕಿ, ಖಾತೆಯನ್ನು ಪೋರ್ಟಲಿನಲ್ಲಿ ದೃಢಪಡಿಸಿ, ರಿಫಂಡ್ ಮತ್ತೆ ಕಳಿಸಿ ಎಂದು ಅಲ್ಲೇ ಕೋರಿಕೆ ಹಾಕಿ.

ಇನ್ನೊಂದು ಕಾರಣ, ರಿಟರ್ನ್ ಹಾಕಿ 30 ದಿನದೊಳಗೆ ವೆರಿಫೈ ಮಾಡದೇ ಇರುವುದು. ಆಧಾರ್ ಓಟಿಪಿ ಸಾಕು. ಅದಕ್ಕೆ ಆಧಾರ್‌ಗೆ ಈಗಿನ ಮೊಬೈಲ್ ನಂಬರ್ ಜೋಡಿಸಿರಬೇಕು ಅಲ್ವಾ, ಅದನ್ನು ಮೊದಲೇ ನೋಡಿಕೊಳ್ಳಿ.

ಒಬ್ಬರು 40,000 ರಿಫಂಡ್ ಕೊಡಿಸ್ತೀನಿ, ಅದರಲ್ಲಿ ನನಗಿಷ್ಟು ಪರ್ಸೆಂಟ್ ಕೊಡು ಅಂತಾರೆ. ಕೊಡಬಹುದಾ?

ಬೇಡವೇ ಬೇಡ. ಹಿಡಿದದ್ದಕ್ಕಿಂತ ಜಾಸ್ತಿ ದುಡ್ಡು ವಾಪಸ್ ಬರುವುದಿಲ್ಲ. ಇವರು ಮಾಡುವುದು ಇಷ್ಟೇ: ಇಲ್ಲದ ಮನೆ ಬಾಡಿಗೆ, ಕೊಡದ ದೇಣಿಗೆ, ಮಾಡದ ಇನ್ಶೂರೆನ್ಸ್ ತೋರಿಸಿ ತೆರಿಗೆ ಇಳಿಸುತ್ತಾರೆ. 2025ರ ಜುಲೈನಲ್ಲಿ ದೇಶದ ಹಲವು ಕಡೆ ಇಂಥ ಏಜೆಂಟರ ಮೇಲೆ ಇಲಾಖೆ ದಾಳಿ ಮಾಡಿತು. ಸಿಕ್ಕಿಬಿದ್ದರೆ ತೆರಿಗೆ, ಬಡ್ಡಿ, ಅದರ ಮೇಲೆ ತಪ್ಪಿಸಿದ ತೆರಿಗೆಯ 200% ದಂಡ, ಎಲ್ಲವೂ ನಿಮ್ಮ ಪ್ಯಾನ್ ಮೇಲೆ. ಏಜೆಂಟ್ ಆಗ ಫೋನ್ ಎತ್ತಲ್ಲ. ಕಂಪ್ಯೂಟರ್ ಸೆಂಟರಿನಲ್ಲಿ ಹಾಕಿಸಿದರೂ ಪಾಸ್‌ವರ್ಡ್, ಮೊಬೈಲ್ ನಂಬರ್, ಇಮೇಲ್ ನಿಮ್ಮದೇ ಇರಲಿ, ಸಲ್ಲಿಸುವ ಮುಂಚೆ ಪ್ರತಿ ಸಾಲು ಓದಿಸಿ ಕೇಳಿ. ಪೋರ್ಟಲಿನಲ್ಲಿ ರಿಟರ್ನ್ ಹಾಕುವುದು ಉಚಿತ, ಅವರು ತಗೊಳ್ಳುವುದು ಅವರ ಕೆಲಸದ ಕೂಲಿ.

### ರೇಷನ್ ಕಾರ್ಡ್, ಗೃಹಲಕ್ಷ್ಮಿ, ಪಿಎಂ ಕಿಸಾನ್

ರಿಟರ್ನ್ ಹಾಕಿದ್ರ ನಮ್ಮ ಮನ್ಯಾಗಿನ ಗೃಹಲಕ್ಷ್ಮಿ ದುಡ್ಡು ನಿಲ್ಲತದಂತ, ಖರೇ ಏನ್ರೀ?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು, ಮತ್ತು ಈ ಭಯ ಸುಳ್ಳೇನೂ ಅಲ್ಲ. ತಿಂಗಳಿಗೆ 2,000 ರೂಪಾಯಿ ಅಂದರೆ ಬಡ ಮನೆಗೆ ದೊಡ್ಡ ದುಡ್ಡು.

ನಿಯಮ ಹೇಳುವುದು, ಮನೆಯೊಡತಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಪಾವತಿದಾರ ಆಗಿದ್ದರೆ, ಇಲ್ಲವೇ ಜಿಎಸ್‌ಟಿ ರಿಟರ್ನ್ ಹಾಕುವವರಾಗಿದ್ದರೆ ಗೃಹಲಕ್ಷ್ಮಿ ಇಲ್ಲ. ಸೊನ್ನೆ ತೆರಿಗೆಯ ರಿಟರ್ನ್ ಹಾಕಿದವರು ತೆರಿಗೆ ಕಟ್ಟಿದವರಲ್ಲ. ಆದರೆ ಕಂಪ್ಯೂಟರ್ ಪಟ್ಟಿಯಲ್ಲಿ ಈ ವ್ಯತ್ಯಾಸ ತಪ್ಪಿಹೋಗಿ ಹಣ ನಿಂತವರೂ ಇದ್ದಾರೆ. ಹಾಗಾದರೆ ರಿಟರ್ನ್‌ನ ಅಕ್ನಾಲೆಡ್ಜ್‌ಮೆಂಟ್ ಪ್ರತಿ ತಗೊಂಡು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ತೆರಿಗೆ ಸೊನ್ನೆ ಎಂದು ಅದರಲ್ಲೇ ಇರುತ್ತದೆ. ಬಾಯಿಮಾತಲ್ಲಿ ಹೇಳಿ ಬರಬೇಡಿ.

ಬಿಪಿಎಲ್ ಕಾರ್ಡ್ ವಿಷಯ ಸ್ವಲ್ಪ ಬೇರೆ. 2024ರ ನವೆಂಬರಿನಲ್ಲಿ ಕಾರ್ಡ್ ರದ್ದಾಗಿ ಗಲಾಟೆ ಆದಾಗ, ಸರ್ಕಾರಿ ನೌಕರರು ಮತ್ತು ತೆರಿಗೆದಾರರನ್ನು ಬಿಟ್ಟು ಉಳಿದವರ ಕಾರ್ಡ್ ಮರಳಿಸುತ್ತೇವೆ ಎಂದು ರಾಜ್ಯ ಸರ್ಕಾರ ಹೇಳಿತು. ಆದರೆ ಬಿಪಿಎಲ್‌ಗೆ ಮನೆಯ ವರ್ಷದ ಆದಾಯ 1.20 ಲಕ್ಷದ ಮಿತಿ ಇದೆ. ನಿಮ್ಮ ರಿಟರ್ನ್‌ನಲ್ಲಿ 3 ಲಕ್ಷ ಕಂಡರೆ, ತೆರಿಗೆ ಕಟ್ಟದಿದ್ದರೂ ಕಾರ್ಡಿನ ಪ್ರಶ್ನೆ ಏಳುತ್ತದೆ. ಈ 1.20 ಲಕ್ಷದ ಮಿತಿ ಇವತ್ತಿನ ಕೂಲಿಗೆ ಬಹಳ ಕಡಿಮೆ ಆಯಿತು. ಗಂಡ-ಹೆಂಡತಿ ಇಬ್ಬರೂ ಕೂಲಿಗೆ ಹೋದರೆ ದಾಟಿಬಿಡುತ್ತದೆ. ಮಿತಿ ಏರಿಸಬೇಕು.

ಸಾಲಕ್ಕೆ ಅಂತ 5 ಲಕ್ಷ ಆದಾಯ ತೋರಿಸಿ ಹಾಕಿಸಿದರು. ನಿಜವಾಗಿ ಅಷ್ಟಿಲ್ಲ.

ಇದು ನಮ್ಮ ಕಡೆ ನಡೆಯುತ್ತಿರುವ ದೊಡ್ಡ ಅನ್ಯಾಯ. ಬೈಕ್ ಸಾಲವೋ, ಟ್ರ್ಯಾಕ್ಟರ್ ಸಾಲವೋ ಮಂಜೂರಾಗಲಿ ಎಂದು ಯಾರೋ ಆದಾಯ ಏರಿಸಿ ರಿಟರ್ನ್ ಹಾಕಿಬಿಡುತ್ತಾರೆ. ಸಹಿ ಮಾಡಿದವರಿಗೆ ಅದರಲ್ಲಿ ಏನಿದೆ ಗೊತ್ತಿರುವುದಿಲ್ಲ. ಮುಂದೆ ಕಾರ್ಡ್ ಹೋಗುತ್ತದೆ, ಮಕ್ಕಳ ಸ್ಕಾಲರ್‌ಶಿಪ್‌ಗೆ ನಾಡಕಚೇರಿಯಲ್ಲಿ ತಗೊಂಡ ಆದಾಯ ಪ್ರಮಾಣಪತ್ರಕ್ಕೂ ಇದಕ್ಕೂ ತಾಳೆ ಆಗುವುದಿಲ್ಲ. ಗಡುವು ಮುಗಿದಿಲ್ಲದಿದ್ದರೆ ಪರಿಷ್ಕೃತ ರಿಟರ್ನ್ ಹಾಕಿ ನಿಜ ಆದಾಯ ತೋರಿಸಿ. ಮುಗಿದಿದ್ದರೆ ಮುಂದಿನ ವರ್ಷದಿಂದಲಾದರೂ ಸರಿಯಾಗಿ ಹಾಕಿ.

ಪಿಎಂ ಕಿಸಾನ್ ಹೋಗುತ್ತಾ?

ಹಿಂದಿನ ತೆರಿಗೆ ನಿರ್ಧಾರ ವರ್ಷದಲ್ಲಿ (ಗಳಿಕೆಯ ವರ್ಷ ಮುಗಿದು ಅದರ ತೆರಿಗೆ ಲೆಕ್ಕ ಆಗುವ ವರ್ಷ) ತೆರಿಗೆ ಕಟ್ಟಿದವರಿಗೆ ಇಲ್ಲ. ನಿಯಮದ ಪ್ರಕಾರ ಬರೀ ರಿಟರ್ನ್ ಹಾಕಿದರೆ ಹೋಗುವುದಿಲ್ಲ. ಅಟಲ್ ಪೆನ್ಶನ್ ಯೋಜನೆಗೂ 2022ರ ಅಕ್ಟೋಬರ್ 1ರಿಂದ ತೆರಿಗೆದಾರರು ಹೊಸದಾಗಿ ಸೇರುವಂತಿಲ್ಲ.

### ಸ್ವಲ್ಪ ಗಂಟಿನ ಪ್ರಶ್ನೆಗಳು

ಡೇಟ್ ಮುಗಿದುಹೋಯಿತು. ಈಗ 5,000 ದಂಡ ಅಂತಾರಲ್ಲ?

ಆದಾಯ ಗಡಿಯೊಳಗಿದ್ದು, ಬರೀ ರಿಫಂಡ್‌ಗಾಗಿ ಹಾಕುವವರಿಗೆ ತಡ ಶುಲ್ಕ ಇಲ್ಲ. ರಿಟರ್ನ್ ಕಡ್ಡಾಯ ಇದ್ದು ಆದಾಯ 5 ಲಕ್ಷದವರೆಗಿದ್ದರೆ 1,000, ಅದರ ಮೇಲೆ 5,000. ಐಟಿಆರ್-1, 2ರ ಗಡುವು ಸಾಮಾನ್ಯವಾಗಿ ಜುಲೈ 31. 2025ರಲ್ಲಿ ಸೆಪ್ಟೆಂಬರ್ 16ರವರೆಗೆ ಮುಂದೆ ಹೋಗಿತ್ತು, ಆದರೆ ಪ್ರತಿ ವರ್ಷ ಹೋಗುತ್ತೆ ಅಂತ ಕಾಯಬೇಡಿ. ಗಡುವು ತಪ್ಪಿದರೆ ಡಿಸೆಂಬರ್ 31ರವರೆಗೆ ತಡವಾಗಿ ಹಾಕಬಹುದು, ಆಗ ಹಳೆಯ ಪದ್ಧತಿ ಆರಿಸಲು ಆಗಲ್ಲ.

ಅದೂ ಮುಗಿದರೆ ಐಟಿಆರ್-ಯು ಇದೆ, ನಾಲ್ಕು ವರ್ಷದವರೆಗೆ. ಅದು ಹೆಚ್ಚುವರಿ ತೆರಿಗೆ ಕಟ್ಟುವವರ ದಾರಿ, ಅದರಲ್ಲಿ ರಿಫಂಡ್ ಕೇಳಲು ಬರುವುದಿಲ್ಲ. ಹಳೆಯ ರಿಫಂಡ್ ಬೇಕಾದರೆ ತಡವಾದದ್ದಕ್ಕೆ ಕಾರಣ ಕೊಟ್ಟು ವಿಳಂಬ ಮನ್ನಾ ಅರ್ಜಿ ಹಾಕಬೇಕು.

ಪಿಗ್ಮಿ, ಎಲ್‌ಐಸಿ ಕಮಿಷನ್ ಬರುತ್ತೆ. 44ಎಡಿಯಲ್ಲಿ ಹಾಕಿದರೆ ಸಾಕಲ್ವಾ?

ಆಗಲ್ಲ. ಕಮಿಷನ್ ಆದಾಯಕ್ಕೆ 44ಎಡಿ ಅನ್ವಯಿಸುವುದಿಲ್ಲ. ಐಟಿಆರ್-3ರಲ್ಲಿ ಕಮಿಷನ್ ತೋರಿಸಿ, ಪೆಟ್ರೋಲ್, ಫೋನ್‌ನಂಥ ನಿಜವಾದ ಖರ್ಚು ಕಳೆಯಬೇಕು. ಹಾಗಾಗಿ ಆ ಬಿಲ್‌ಗಳನ್ನು ಇಟ್ಟುಕೊಳ್ಳಿ.

ಹೆಂಡತಿ ಹೆಸರಲ್ಲಿ ಎಫ್‌ಡಿ ಇಟ್ಟಿದ್ದೀನಿ, ಆಕೆಗೆ ಬೇರೆ ಆದಾಯ ಇಲ್ಲ.

ದುಡ್ಡು ನಿಮ್ಮದಾದರೆ ಬಡ್ಡಿಯೂ ನಿಮ್ಮ ಆದಾಯಕ್ಕೇ ಸೇರುತ್ತದೆ. ತವರಿನವರು ಕೊಟ್ಟದ್ದು ಅಥವಾ ಆಕೆಯೇ ಹೊಲಿಗೆ ಹಾಕಿ ಉಳಿಸಿದ್ದಾದರೆ ಅದು ಆಕೆಯದೇ.

ತಮ್ಮ ಸೌದಿಯಲ್ಲಿದ್ದಾನೆ. ಅವನ ಹೆಸರಿನ ಖಾತೆಯಲ್ಲಿ ಇಲ್ಲಿ ಬಡ್ಡಿಗೆ 30% ಕಟ್ ಆಗಿದೆ.

ಅದು ಎನ್‌ಆರ್‌ಒ ಖಾತೆ (ಅನಿವಾಸಿಗಳು ಇಲ್ಲಿನ ಗಳಿಕೆ ಇಡುವ ಖಾತೆ) ಇರಬೇಕು. ಅನಿವಾಸಿಗಳಿಗೆ ಅದರ ಬಡ್ಡಿಯ ಮೇಲೆ ಮೊದಲ ರೂಪಾಯಿಯಿಂದಲೇ ಹಿಡಿಯುತ್ತಾರೆ, 15ಜಿ ಕೊಡಲು ಬರುವುದಿಲ್ಲ, 87ಎ ರಿಯಾಯಿತಿಯೂ ಇಲ್ಲ. ಆದರೆ 4 ಲಕ್ಷದ ಗಡಿ ಅವರಿಗೂ ಇದೆ. ಅಲ್ಲಿನ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ. ಇಲ್ಲಿನ ಆದಾಯ ಅಷ್ಟರೊಳಗಿದ್ದರೆ ಐಟಿಆರ್-2 ಹಾಕಿ ಪೂರ್ತಿ ವಾಪಸ್ ತಗೊಳ್ಳಬಹುದು. ವಿದೇಶದ ಗಳಿಕೆ ಇಡುವ ಎನ್‌ಆರ್‌ಇ ಖಾತೆಯ ಬಡ್ಡಿಗೆ ತೆರಿಗೆಯೇ ಇಲ್ಲ.

ಹೊಲ ಮಾರಿದೆವು. ಆದಾಯ ಕಡಿಮೆ, ಆದರೆ ಆ ದುಡ್ಡು ದೊಡ್ಡದು.

ಹೊಲ ಎಲ್ಲಿದೆ ಅನ್ನುವುದು ಮುಖ್ಯ. ತೆರಿಗೆ ಬೀಳಬಾರದೆಂದರೆ ಅದು ನಗರಸಭೆ, ಪಾಲಿಕೆಯ ಗಡಿಯೊಳಗೂ ಇರಬಾರದು, ಗಡಿಯಿಂದ ಇಷ್ಟು ದೂರವೂ ಇರಬೇಕು: ಆ ಊರಿನ ಜನಸಂಖ್ಯೆ 10,000ದಿಂದ 1 ಲಕ್ಷ ಇದ್ದರೆ 2 ಕಿ.ಮೀ., 1ರಿಂದ 10 ಲಕ್ಷ ಇದ್ದರೆ 6 ಕಿ.ಮೀ. 2011ರ ಜನಗಣತಿ ಲೆಕ್ಕದಲ್ಲಿ ಕಲಬುರಗಿ, ಬೀದರ್ ನಗರಗಳಿಗೆ 6, ಯಾದಗಿರಿಗೆ 2. ಅದರಾಚೆಯ ಬೇಸಾಯದ ಹೊಲವಾದರೆ ಮಾರಿದ ಲಾಭಕ್ಕೆ ತೆರಿಗೆ ಇಲ್ಲ. ಒಳಗಿದ್ದರೆ ಇದೆ, ರಿಂಗ್ ರೋಡ್ ಆಚೀಚೆ ಮಾರಿದವರು ಲೆಕ್ಕ ಬಲ್ಲವರನ್ನು ಕಂಡೇ ಮುಂದುವರಿಯಿರಿ.

ಅಪ್ಪ ತೀರಿಕೊಂಡರು. ಅವರ ಟಿಡಿಎಸ್ ಹಾಗೇ ಹೋಯಿತಾ?

ಹೋಗಲಿಲ್ಲ. ವಾರಸುದಾರರು ತಮ್ಮ ಪ್ಯಾನ್‌ನಿಂದ ಪೋರ್ಟಲಿಗೆ ಲಾಗಿನ್ ಆಗಿ, ಮರಣ ಪ್ರಮಾಣಪತ್ರ, ಅಪ್ಪನ ಪ್ಯಾನ್, ವಾರಸಾ ಪ್ರಮಾಣಪತ್ರ ಅಥವಾ ಜೀವಂತ ಸದಸ್ಯರ ಪ್ರಮಾಣಪತ್ರ ಹಾಕಿ ಪ್ರತಿನಿಧಿಯಾಗಿ ನೋಂದಾಯಿಸಬೇಕು. ಒಪ್ಪಿಗೆ ಬಂದ ಮೇಲೆ ಅಪ್ಪ ಬದುಕಿದ್ದ ದಿನದವರೆಗಿನ ಆದಾಯಕ್ಕೆ ರಿಟರ್ನ್ ಹಾಕಿ, ನಿಮ್ಮ ಖಾತೆಯನ್ನು ಕೊಡಬಹುದು. ಒಪ್ಪಿಗೆ ಸಿಗಲು ದಿನ ಹಿಡಿಯುತ್ತದೆ, ಆದ್ದರಿಂದ ಜುಲೈ ಕೊನೆಯವರೆಗೆ ಕಾಯದೆ ಕಾಗದ ಕೈಗೆ ಬಂದ ಕೂಡಲೇ ಅರ್ಜಿ ಹಾಕಿ.